ಲೆಕ್ಕ ಒಪ್ಪಿಸುವ ವಿದ್ಯೆ: ನೀರಿನ ಬಗ್ಗೆ ಓದುವವರ ವೃತ್ತಿ ತಯಾರಿ ಕುರಿತು

ಸೆಮಿಸ್ಟರ್ ಆರಂಭವಾಗುತ್ತಿದ್ದಂತೆ ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ಸೂಚನಾ ಫಲಕದಲ್ಲಿ ‘ವೃತ್ತಿ ಕೌಶಲ್ಯ ಅಭಿವೃದ್ಧಿ ಕಾರ್ಯಾಗಾರ’ ಎಂಬ ಹಾಳೆಯೊಂದು ಕಾಣಿಸಿಕೊಳ್ಳುತ್ತದೆ. ಬಯೋಡೇಟಾ ಬರೆಯುವ ಬಗೆ, ಸಂದರ್ಶನದಲ್ಲಿ ಕುಳಿತುಕೊಳ್ಳುವ ಭಂಗಿ, ಗುಂಪು ಚರ್ಚೆಯಲ್ಲಿ ಎಲ್ಲರಿಗಿಂತ ಮೊದಲು ಬಾಯಿ ತೆರೆಯುವ ಉಪಾಯ, ಇವನ್ನೆಲ್ಲ ಹೊರಗಿನಿಂದ ಬಂದ ತರಬೇತುದಾರರೊಬ್ಬರು ಒಂದೇ ದಿನದಲ್ಲಿ ಹೇಳಿ ಮುಗಿಸುತ್ತಾರೆ. ಸಂಜೆ ಹೊತ್ತಿಗೆ ಎಲ್ಲರ ಕೈಗೂ ಪ್ರಮಾಣಪತ್ರ ಬಂದಿರುತ್ತದೆ. ಕಂಪ್ಯೂಟರ್ ಸೈನ್ಸ್ ಓದುವವರಿಗೂ ಜಲಸಂಪನ್ಮೂಲ ಓದುವವರಿಗೂ ಅದೇ ಸಭಾಂಗಣ, ಅದೇ ಸ್ಲೈಡುಗಳು. ಇದರಿಂದ ಯಾರಿಗೂ ನಷ್ಟವಿಲ್ಲ ಎನ್ನುವುದು ನಿಜ. ಆದರೆ ನೀರಿನ ವಿಷಯದಲ್ಲಿ ಎಂ.ಟೆಕ್ ಅಥವಾ ಪಿಎಚ್‌.ಡಿ ಮಾಡುತ್ತಿರುವ ವಿದ್ಯಾರ್ಥಿಯೊಬ್ಬ ತನ್ನ ವೃತ್ತಿಗೆ ಸಿದ್ಧನಾಗುವುದೆಂದರೆ ಏನು ಎಂಬ ಪ್ರಶ್ನೆಯನ್ನು ಆ ಸಭಾಂಗಣದಲ್ಲಿ ಯಾರೂ ಎತ್ತುವುದಿಲ್ಲ. ದಾವಣಗೆರೆಯಲ್ಲಿ ಇದೇ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ, ಅವರ ಪ್ರಬಂಧಗಳನ್ನು ತಿದ್ದುತ್ತಾ ಬಂದಿರುವ ನನಗೆ ಈ ಪ್ರಶ್ನೆ ವರ್ಷದಿಂದ ವರ್ಷಕ್ಕೆ ಹೆಚ್ಚು ಕಾಡುತ್ತಿದೆ.

ನೀರಿನ ಎಂಜಿನಿಯರ್ ಬರೆಯುವ ಅಂಕಿಯೊಂದು ಯಾರದೋ ಗದ್ದೆಯ ಬದುವಿಗೆ ಹೋಗಿ ಮುಟ್ಟುತ್ತದೆ. ದಾವಣಗೆರೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರಿನ ಮಟ್ಟ 186 ಅಡಿಯ ಗರಿಷ್ಠ ಮಿತಿಗೆ ಎಷ್ಟು ಹತ್ತಿರವಾಗಿದೆ ಎಂಬ ಸುದ್ದಿಯನ್ನು ಇಲ್ಲಿ ಅಡಿಕೆ ಧಾರಣೆಯಷ್ಟೇ ಆಸಕ್ತಿಯಿಂದ ಓದುತ್ತಾರೆ. ಬೇಸಿಗೆ ಬೆಳೆಗೆ ನಾಲೆಯಲ್ಲಿ ಎಷ್ಟು ದಿನ ನೀರು ಹರಿಸಬೇಕು, ನಡುವೆ ಎಷ್ಟು ದಿನ ನಿಲ್ಲಿಸಬೇಕು ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿದ ಮರುದಿನವೇ ಅಚ್ಚುಕಟ್ಟಿನ ಕೊನೆಯ ಭಾಗದ ರೈತರು ರಸ್ತೆಗೆ ಇಳಿಯುವುದು ಇಲ್ಲಿ ಅಪರೂಪವೇನಲ್ಲ. ಮೇಲಿನ ಭಾಗದವರು ಭತ್ತಕ್ಕೂ ತೋಟಕ್ಕೂ ನೀರು ಎತ್ತಿಕೊಂಡ ಮೇಲೆ ತಮ್ಮ ಪಾಲಿಗೆ ಉಳಿಯುವುದು ಎಷ್ಟೆಂಬ ಅವರ ಪ್ರಶ್ನೆ ಮೂಲತಃ ಜಲಶಾಸ್ತ್ರದ ಪ್ರಶ್ನೆಯೇ ಆಗಿದ್ದು, ಅದಕ್ಕೆ ಉತ್ತರ ಕೊಡಬೇಕಾದವರು ನಮ್ಮ ವಿದ್ಯಾರ್ಥಿಗಳೇ. ಹೀಗಾಗಿ ಇವರ ವೃತ್ತಿ ತಯಾರಿಯ ತಿರುಳು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ: ತಾನು ಲೆಕ್ಕ ಹಾಕಿದ ಅಂಕಿಯನ್ನು, ಆ ಅಂಕಿಯ ಫಲ ಉಣ್ಣುವವರ ಎದುರು ನಿಂತು ಒಪ್ಪಿಸಲು ಬರಬೇಕು. ಯಾವ ತರಬೇತಿಗೆ ಹೋಗಬೇಕು, ಯಾವ ಸಮ್ಮೇಳನಕ್ಕೆ ಹಣ ತೆರಬೇಕು, ರಜೆಯಲ್ಲಿ ಎಲ್ಲಿ ದುಡಿಯಬೇಕು ಎಂಬುದನ್ನೆಲ್ಲ ಈ ಒಂದು ಅಳತೆಗೋಲಿನಿಂದ ಅಳೆಯಬಹುದು ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಒಪ್ಪಿಸಬೇಕಾದರೆ ಮೊದಲು ಅದು ಸ್ವಂತದ್ದಾಗಿರಬೇಕು. ಇಂದಿನ ಸ್ನಾತಕೋತ್ತರ ಪ್ರಬಂಧಗಳಲ್ಲಿ ಬಹುಪಾಲು ಇತರರು ಅಳೆದ ಅಂಕಿಗಳ ಮೇಲೆ ನಿಂತಿರುತ್ತವೆ. ಮಳೆಯ ಅಂಕಿಗಳು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ, ಭೂಮಿಯ ಏರಿಳಿತದ ಅಂಕಿಗಳು ಉಪಗ್ರಹದಿಂದ, ಮಣ್ಣಿನ ಗುಣ ಯಾವುದೋ ನಕ್ಷೆಯಿಂದ ಬರುತ್ತವೆ. ಎಲ್ಲವನ್ನೂ ತಂತ್ರಾಂಶವೊಂದಕ್ಕೆ ಉಣಿಸಿದರೆ ಬಣ್ಣಬಣ್ಣದ ನಕಾಶೆ ಸಿದ್ಧವಾಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ವರದಿ ಕಳಿಸುವ ಮಳೆಮಾಪಕಗಳು ನಮ್ಮ ರಾಜ್ಯದಲ್ಲಿರುವುದು ದೊಡ್ಡ ಅನುಕೂಲ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಒಮ್ಮೆಯಾದರೂ ನಾಲೆಗೆ ಇಳಿದು ಹರಿವನ್ನು ಕೈಯಾರೆ ಅಳೆಯದ ವಿದ್ಯಾರ್ಥಿಗೆ ಅಂಕಿಯ ಹಿಂದಿರುವ ಅನಿಶ್ಚಿತತೆ ಎಷ್ಟೆಂಬುದು ಎಂದೂ ಮನಸ್ಸಿಗೆ ನಾಟುವುದಿಲ್ಲ.

ಉಪನಾಲೆಯೊಂದರ ದಡಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ನಾನು ಮೊದಲು ಮಾಡಿಸುವುದು ತೇಲುವ ವಸ್ತುವಿನ ಪ್ರಯೋಗ. ಅಳತೆ ಮಾಡಿ ಗುರುತು ಹಾಕಿದ ದೂರದಲ್ಲಿ ಮರದ ತುಂಡೊಂದನ್ನು ನೀರಿಗೆ ಬಿಟ್ಟು, ಅದು ದಾಟಲು ತೆಗೆದುಕೊಂಡ ಸಮಯವನ್ನು ಹಿಡಿದು ವೇಗ ಕಂಡುಕೊಳ್ಳುತ್ತಾರೆ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಹರಿಯುವುದರಿಂದ ಆ ವೇಗವನ್ನು ಸುಮಾರು 0.85ರಿಂದ ಗುಣಿಸಿ ಸರಾಸರಿ ವೇಗವೆಂದು ಹಿಡಿಯುವುದು ರೂಢಿ. ಅನಂತರ ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಇಳಿಸಿ ಆಳದ ಹತ್ತರಲ್ಲಿ ಎರಡು ಮತ್ತು ಹತ್ತರಲ್ಲಿ ಎಂಟು ಭಾಗದಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಎರಡು ಉತ್ತರಗಳೂ ಒಂದೇ ಆಗಿ ಬರುವುದು ಅಪರೂಪ. ಮೂರನೆಯದಾಗಿ ಅದೇ ನಾಲೆಗೆ, ಆಳ, ಇಳಿಜಾರು, ತಳದ ಒರಟುತನಗಳಿಂದ ಹರಿವು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರ ಹಚ್ಚಿ, ಪಠ್ಯದ ಕೋಷ್ಟಕದಲ್ಲಿ ಕಾಂಕ್ರೀಟ್ ಲೈನಿಂಗಿಗೆ ಕೊಟ್ಟಿರುವ ಒರಟುತನದ ಗುಣಾಂಕ ಹಾಕಿದರೆ ಇನ್ನೊಂದೇ ಉತ್ತರ ಬರುತ್ತದೆ. ಆಗ ಅವರು ನಾಲೆಯನ್ನು ಸರಿಯಾಗಿ ನೋಡಲು ತೊಡಗುತ್ತಾರೆ. ಲೈನಿಂಗ್ ಬಿರುಕು ಬಿಟ್ಟಿದೆ, ಹೂಳು ಕೂತಿದೆ, ಜೊಂಡು ಬೆಳೆದಿದೆ, ಕೋಷ್ಟಕದ 0.018 ಇಲ್ಲಿ 0.030 ಆಗಿದ್ದರೆ, ಅದೇ ಆಳ ಅದೇ ಇಳಿಜಾರಿನಲ್ಲಿ ಹರಿವು ಶೇ 40ರಷ್ಟು ಕಡಿಮೆಯಾಗುತ್ತದೆ. ಗೇಜಿನ ಮೇಲೆ ನೀರಿನ ಮಟ್ಟ ಸರಿಯಾಗಿಯೇ ಕಾಣುತ್ತಿದ್ದರೂ ಕೊನೆಯ ಊರಿಗೆ ನೀರೇಕೆ ಮುಟ್ಟುವುದಿಲ್ಲ ಎಂಬುದಕ್ಕೆ ಕಾರಣದ ದೊಡ್ಡದೊಂದು ಪಾಲು ಇಲ್ಲಿದೆ. ಒಮ್ಮೆ ಹೀಗೆ ಅಳೆಯುತ್ತಿದ್ದಾಗ ಪಕ್ಕದ ಗದ್ದೆಯ ಹಿರಿಯರೊಬ್ಬರು ಬಂದು ನಿಂತು, ಲ್ಯಾಪ್‌ಟಾಪ್ ಹಿಡಿದಿದ್ದ ಹುಡುಗಿಯನ್ನು, ‘ಏನವ್ವಾ, ನಿನ್ನ ಕಂಪ್ಯೂಟರಿನಾಗೆ ನೀರು ಬಂದೈತೇನು? ನಮ್ಮ ಗದ್ದಿಗಂತೂ ಬಂದಿಲ್ಲ’ ಎಂದು ಕೇಳಿದರು. ಆಕೆ ನಗದೆ, ಗಾಬರಿಯೂ ಆಗದೆ, ಮೀಟರಿನಲ್ಲಿ ಬಂದ ಅಂಕಿ ಯಾವುದು, ಕಾಗದದ ಮೇಲೆ ಇರಬೇಕಾದ ಅಂಕಿ ಯಾವುದು, ನಡುವಿನ ಕೊರತೆ ಎಲ್ಲಿ ಆಗುತ್ತಿರಬಹುದು ಎಂದು ಅವರಿಗೆ ತೋರಿಸುತ್ತಾ ಹೋದಳು. ಆ ಮಾತುಕತೆಯಲ್ಲಿ ನಡೆದಷ್ಟು ವೃತ್ತಿ ತರಬೇತಿ ಯಾವ ಸಭಾಂಗಣದಲ್ಲೂ ನಡೆದದ್ದನ್ನು ನಾನು ಕಂಡಿಲ್ಲ.

ಆ ಹಿರಿಯರು ತಿರುಗಿ ಹೇಳಿದ್ದೂ ಉಪಯೋಗದ ಮಾತೇ ಆಗಿತ್ತು. ರಾತ್ರಿ ಯಾವ ತೂಬು ತೆರೆಯುತ್ತದೆ, ಯಾವ ತಿರುವಿನಲ್ಲಿ ಪಂಪು ಇಟ್ಟು ನೀರು ಎತ್ತುತ್ತಾರೆ, ಹೋದ ವರ್ಷ ಯಾವ ಜಾಗದಲ್ಲಿ ದಡ ಕುಸಿಯಿತು ಎಂಬುದು ನಾಲೆಯ ನೀರು ನೋಡಿಕೊಳ್ಳುವ ಸೌಡಿಗಳಿಗೂ ರೈತರಿಗೂ ಬಾಯಿಪಾಠ, ನಮ್ಮ ಕಂಪ್ಯೂಟರ್ ಮಾದರಿಗಳಿಗೆ ಮಾತ್ರ ಗೊತ್ತಿಲ್ಲ. ಆದ್ದರಿಂದ ನೀರು ಬಳಕೆದಾರರ ಸಹಕಾರ ಸಂಘದ ಸಭೆಯೊಂದರಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ಬರುವುದನ್ನು ನಾನು ತರಬೇತಿಯ ಭಾಗವೆಂದೇ ಪರಿಗಣಿಸುತ್ತೇನೆ. ಸುಮ್ಮನೆ ಎಂಬ ಮಾತಿಗೆ ಒತ್ತು ಇರಲಿ. ಮೊದಲ ಸಭೆಯಲ್ಲೇ ಸಲಹೆ ಕೊಡಲು ಎದ್ದು ನಿಲ್ಲುವ ಉತ್ಸಾಹ ನಮ್ಮ ಹುಡುಗರಲ್ಲಿ ಸ್ವಲ್ಪ ಜಾಸ್ತಿ.

ಇಂಥ ಸಭೆಗಳಲ್ಲಿ ಕುಳಿತರೆ ಮಾನಗಳ ತೊಡಕೂ ಬೇಗ ಅರ್ಥವಾಗುತ್ತದೆ. ನಾವು ತರಗತಿಯಲ್ಲಿ ಘನ ಮೀಟರಿನಲ್ಲಿ ಲೆಕ್ಕ ಮಾಡಿಸುತ್ತೇವೆ. ಸಭೆಯಲ್ಲಿ ಮಾತು ನಡೆಯುವುದು ಅಡಿ, ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ), ಟಿಎಂಸಿ (ನೂರು ಕೋಟಿ ಘನ ಅಡಿ)ಗಳಲ್ಲಿ. 1 ಟಿಎಂಸಿ ಎಂದರೆ ಸುಮಾರು 28.3 ದಶಲಕ್ಷ ಘನ ಮೀಟರ್ ಎಂದು ವಿದ್ಯಾರ್ಥಿ ಉರು ಹೊಡೆದಿರುತ್ತಾನೆ. ಅದೇ 1 ಟಿಎಂಸಿ ಎಂದರೆ 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದಷ್ಟು, ಅಂದರೆ 2,500 ಕ್ಯೂಸೆಕ್ ಹರಿಯುವ ನಾಲೆಗೆ ನಾಲ್ಕೂವರೆ ದಿನಕ್ಕಿಂತ ತುಸು ಹೆಚ್ಚು ಕಾಲದ ನೀರು ಎಂದು ಥಟ್ಟನೆ ಹೇಳಬಲ್ಲವನ ಮಾತನ್ನು ಸಭೆ ಕಿವಿಗೊಟ್ಟು ಕೇಳುತ್ತದೆ. ಹಾಗೆಯೇ ಜಲಾಶಯದಲ್ಲಿ ‘ಇನ್ನೂ ಇಷ್ಟು ಅಡಿ ನೀರಿದೆ’ ಎಂಬ ಪತ್ರಿಕೆಯ ವರದಿಯಿಂದ ಜನ ಸಮಾಧಾನಪಟ್ಟುಕೊಳ್ಳುತ್ತಾರೆ. ಜಲಾಶಯದ ಬಾಯಿ ಅಗಲ, ತಳ ಕಿರಿದು ಆಗಿರುವುದರಿಂದ ಮೇಲಿನ ಒಂದು ಅಡಿಯಲ್ಲಿರುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ ಎಂಬುದನ್ನೂ, ತೂಬಿನ ಮಟ್ಟಕ್ಕಿಂತ ಕೆಳಗಿರುವ ನೀರು ನಾಲೆಗೆ ಬಾರದು ಎಂಬುದನ್ನೂ ನಾಲ್ಕು ಸಾಲಿನಲ್ಲಿ, ಓದುಗರಿಗೆ ತಿಳಿಯುವಂತೆ ಬರೆಯುವುದು ಸಣ್ಣ ಕೆಲಸವಲ್ಲ. ಭದ್ರಾ ಜಲಾಶಯದ 71.5 ಟಿಎಂಸಿಯ ಬಗ್ಗೆ ಇಂಥ ಪುಟ್ಟ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆಯಲು ಕೊಟ್ಟರೆ, ಇಂಗ್ಲಿಷಿನಲ್ಲಿ ನೂರು ಪುಟ ಬರೆದ ವಿದ್ಯಾರ್ಥಿಗಳೂ ಒಂದು ವಾರ ಒದ್ದಾಡುತ್ತಾರೆ. ವಿಷಯ ಎಲ್ಲಿ ತಮಗೇ ಅರೆಬರೆ ಅರ್ಥವಾಗಿದೆ ಎಂಬುದು ಆ ಒದ್ದಾಟದಲ್ಲಿ ಹೊರಬೀಳುತ್ತದೆ.

ಚಿತ್ರದುರ್ಗದ ಕಡೆಗೆ ತಿರುಗಿದರೆ ಪ್ರಶ್ನೆಗಳು ಬೇರೆಯಾಗುತ್ತವೆ. ಅಲ್ಲಿ ಮಾತು ನಾಲೆಯದ್ದಕ್ಕಿಂತ ಹೆಚ್ಚಾಗಿ ಕೊಳವೆ ಬಾವಿಯದ್ದು. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ನೆಲದಡಿ ಗಟ್ಟಿ ಶಿಲೆ, ನೀರೆಲ್ಲ ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಬರುವ ಮರಳಿನ ಜಲಧರಗಳನ್ನು, ಅಂದರೆ ನೀರು ಹಿಡಿದಿಡುವ ನೆಲದಡಿಯ ಪದರಗಳನ್ನು, ಓದಿಕೊಂಡು ಇಲ್ಲಿಗೆ ಬರುವ ವಿದ್ಯಾರ್ಥಿಗೆ, ಇಪ್ಪತ್ತು ಮಾರು ದೂರದಲ್ಲಿ ಒಂದು ಬೋರ್ ಬತ್ತಿ ಇನ್ನೊಂದು ಚಿಮ್ಮುವುದು ಒಗಟಾಗಿ ಕಾಣುತ್ತದೆ. ಈ ಒಗಟನ್ನು ಬಿಡಿಸುವವರು ಊರಿನಲ್ಲಿ ಆಗಲೇ ಇದ್ದಾರೆ: ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಮಾಡಿಕೊಡುವವರು, ವಿದ್ಯುತ್ ರೋಧ ಅಳೆಯುವ ಯಂತ್ರ ತರುವ ಭೂವಿಜ್ಞಾನಿಗಳು, ಎಷ್ಟನೇ ಅಡಿಗೆ ಯಾವ ಬಣ್ಣದ ಪುಡಿ ಬಂತೆಂದು ನೆನಪಿಟ್ಟುಕೊಂಡಿರುವ ರಿಗ್ ಕೆಲಸಗಾರರು. ತೆಂಗಿನಕಾಯಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ರಿಗ್ಗಿನ ಪಕ್ಕ ಒಂದು ಹಗಲು ಕಳೆದು, ಹೊರಬರುವ ಕಲ್ಲಿನ ಪುಡಿಯನ್ನು ಅಡಿವಾರು ಚೀಲಗಳಲ್ಲಿ ತುಂಬಿ ಗುರುತು ಬರೆದಿಟ್ಟ ವಿದ್ಯಾರ್ಥಿಗೆ ಆಮೇಲೆ ಪಂಪಿಂಗ್ ಪರೀಕ್ಷೆಯ (ನೀರು ಎತ್ತುತ್ತಾ ಬಾವಿಯ ಮಟ್ಟ ಇಳಿಯುವುದನ್ನು ಅಳೆಯುವ ಪರೀಕ್ಷೆ) ವಕ್ರರೇಖೆ ಓದಲು ಕಲಿಸುವುದು ಎಷ್ಟು ಸುಲಭವಾಗುತ್ತದೆಂದರೆ, ಈ ಕೆಲಸವನ್ನು ಪಠ್ಯಕ್ರಮದಲ್ಲೇ ಸೇರಿಸಬಾರದೇಕೆ ಎಂದು ಅನ್ನಿಸುತ್ತದೆ.

ಅಂತರ್ಜಲ ನಿರ್ವಹಣೆಗಾಗಿ ಕೇಂದ್ರದ ಅಟಲ್ ಭೂಜಲ ಯೋಜನೆ ಬಂದ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಜಲ ಆಯವ್ಯಯ, ಅಂದರೆ ಬಂದ ನೀರು ಮತ್ತು ಖರ್ಚಾದ ನೀರಿನ ಲೆಕ್ಕ, ಎಂಬ ಮಾತು ಹಳ್ಳಿಗಳಲ್ಲೂ ಕೇಳಿಬರುತ್ತಿದೆ. 2019ರ ಡಿಸೆಂಬರಿನಲ್ಲಿ ಆರಂಭವಾದ ಈ ಯೋಜನೆಗೆ ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಆರಿಸಿಕೊಳ್ಳಲಾಗಿತ್ತು, ಅದರಲ್ಲಿ ಚಿತ್ರದುರ್ಗ ಜಿಲ್ಲೆಯೂ ಇತ್ತು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಇಂಥ ಆಯವ್ಯಯವೊಂದನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿ ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಉದಾಹರಣೆಗೆ, ನೂರು ಹೆಕ್ಟೇರ್ ಪ್ರದೇಶದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಬಾವಿಗಳ ನೀರು ಒಂದು ಮೀಟರ್ ಮೇಲೇರಿದೆ ಎಂದುಕೊಳ್ಳೋಣ. ಊರಿನವರಿಗೆ ಅದು ಸಂಭ್ರಮ. ಆದರೆ ಸವೆದ ಗಟ್ಟಿ ಶಿಲೆಯಿಂದ ನಿಜವಾಗಿ ಹೊರತೆಗೆಯಬಹುದಾದ ನೀರಿನ ಪಾಲನ್ನು ಶೇ 2 ಎಂದು ಹಿಡಿದರೆ ಆ ಇಡೀ ಏರಿಕೆಯ ಬೆಲೆ 20,000 ಘನ ಮೀಟರ್. 40 ಹೆಕ್ಟೇರ್ ಬೆಳೆಗೆ ಐದು ಸೆಂಟಿಮೀಟರಿನಂತೆ ಒಂದೇ ಒಂದು ಸಲ ನೀರು ಹಾಯಿಸಿದರೆ ಅಷ್ಟೂ ಖರ್ಚು. ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಲು ಐದು ನಿಮಿಷ ಸಾಕು. ಅದನ್ನೇ ಪಂಚಾಯಿತಿ ಕಟ್ಟೆಯ ಮುಂದೆ, ಹೊಸದಾಗಿ ಅಡಿಕೆ ಸಸಿ ನೆಟ್ಟು ಸಾಲ ತಲೆಯ ಮೇಲೆ ಹೊತ್ತ ರೈತನ ಮುಖ ನೋಡುತ್ತಾ ಹೇಳುವಾಗ, ಆ ಶೇ 2 ಎಲ್ಲಿಂದ ಬಂತು, ಅದು ಶೇ 3 ಆಗಿದ್ದರೆ ಏನು, ನಿನ್ನ ಮಾತು ನಂಬಿ ನಾನು ಏನು ಮಾಡಬೇಕು ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರಬಂಧ ಪರೀಕ್ಷಕರು ಕೇಳುವ ಪ್ರಶ್ನೆಗಳಿಗಿಂತ ಇವು ಹರಿತ.

ಫ್ಲೋರೈಡಿನ ವಿಷಯದಲ್ಲಿ ಈ ಹೊಣೆ ಇನ್ನಷ್ಟು ಭಾರ. ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ, ಹೆಚ್ಚಾದರೆ ಹಲ್ಲು ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡ್ ಇರುವುದರಿಂದ ನಮ್ಮ ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳು ವರ್ಷ ವರ್ಷವೂ ಬಾಟಲಿ ಹಿಡಿದು ಬರುತ್ತಾರೆ, ನೀರು ತುಂಬಿಕೊಂಡು ಹೋಗುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಫಲಿತಾಂಶ ಕೋಷ್ಟಕವಾಗಿ ಪ್ರಬಂಧ ಸೇರುತ್ತದೆ, ನಕಾಶೆಯಲ್ಲಿ ಕೆಂಪು ಚುಕ್ಕೆಯಾಗುತ್ತದೆ. ತಮ್ಮ ಮನೆಯ ಬೋರಿನಿಂದ ಬಾಟಲಿ ತುಂಬಿಸಿಕೊಟ್ಟ ತಾಯಿಗೆ ಮಾತ್ರ ಆ ನೀರಿನಲ್ಲಿ ಏನಿತ್ತೆಂಬುದು ತಿಳಿಯುವುದೇ ಇಲ್ಲ. ಇದನ್ನು ನಾನು ನೇರವಾಗಿ ಅನ್ಯಾಯ ಎನ್ನುತ್ತೇನೆ. ನೀರಿನ ಮಾದರಿ ತೆಗೆದುಕೊಂಡ ಪ್ರತಿಯೊಂದು ಮನೆಗೂ ಫಲಿತಾಂಶದ ಚೀಟಿ ತಲುಪಬೇಕು, ಅದರಲ್ಲಿ ಅಂಕಿಯ ಜೊತೆಗೆ ಮುಂದೇನು ಮಾಡಬಹುದು ಎಂಬ ಒಂದೆರಡು ಸಾಲು ಇರಬೇಕು, ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ತಮ್ಮ ಬಳಿಯ ನೀರು ಪರೀಕ್ಷೆಯ ಕಿಟ್ಟಿನಿಂದಲೇ ಪರೀಕ್ಷಿಸಿ ಅದನ್ನೂ ಹೇಳಬೇಕು. ಸಂಶೋಧನಾ ನೀತಿಯ ಕುರಿತ ಆನ್‌ಲೈನ್ ಕೋರ್ಸುಗಳು ಕೃತಿಚೌರ್ಯದ ಬಗ್ಗೆ ಗಂಟೆಗಟ್ಟಲೆ ಹೇಳುತ್ತವೆ. ಈ ಚೀಟಿಯ ವಿಷಯ ಅವುಗಳಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಹಾಗೆಂದು ತರಬೇತಿ ಸಂಸ್ಥೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮಗೆ ಕೈಗೆಟಕುವ ದೂರದಲ್ಲೇ ಒಳ್ಳೆಯ ಸಂಸ್ಥೆಗಳಿವೆ. ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಎಲ್ಲರೂ ಕರೆಯುವಂತೆ ವಾಲ್ಮಿ, ಅಚ್ಚುಕಟ್ಟು ನಿರ್ವಹಣೆಯ ವಿಷಯದಲ್ಲಿ ಅಧಿಕಾರಿಗಳಿಗೂ ರೈತರಿಗೂ ತರಬೇತಿ ಕೊಡುತ್ತದೆ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದ್ದು, ಅದರ ಮುಖ್ಯ ವಿಷಯವೇ ನಮ್ಮಂಥ ಗಟ್ಟಿ ಶಿಲಾ ಪ್ರದೇಶ. ಪುಣೆಯ ರಾಷ್ಟ್ರೀಯ ಜಲ ಅಕಾಡೆಮಿ, ರಾಯಪುರದ ಅಂತರ್ಜಲ ತರಬೇತಿ ಸಂಸ್ಥೆ, ಉಪಗ್ರಹ ಚಿತ್ರಗಳಿಂದ ಭೂಮಿಯನ್ನು ಅಧ್ಯಯನ ಮಾಡುವ ದೂರಸಂವೇದಿ ವಿಷಯಗಳನ್ನು ಮನೆಯಲ್ಲೇ ಕುಳಿತು ಕಲಿಯಲು ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆಯ ಆನ್‌ಲೈನ್ ಪಾಠಗಳು, ಐಐಟಿಗಳ ಅಧ್ಯಾಪಕರು ಪಾಠ ಹೇಳುವ ಎನ್‌ಪಿಟಿಇಎಲ್ ಆನ್‌ಲೈನ್ ಉಪನ್ಯಾಸಗಳು, ಹೀಗೆ ಪಟ್ಟಿ ಬೆಳೆಯುತ್ತದೆ. ನಕ್ಷೆ ರಚಿಸಲು, ನೀರಿನ ಹರಿವು ಲೆಕ್ಕ ಹಾಕಲು ಬಳಸುವ ಕ್ಯೂಜಿಐಎಸ್, ಹೆಕ್-ರಾಸ್, ಸ್ವಾಟ್, ಎಪಾನೆಟ್ ಮೊದಲಾದ ತಂತ್ರಾಂಶಗಳೆಲ್ಲ ಉಚಿತ. ನನ್ನ ಶರತ್ತು ಒಂದೇ: ಕೈಯಲ್ಲೊಂದು ಪ್ರಶ್ನೆ ಇಟ್ಟುಕೊಂಡು ಹೋಗಬೇಕು. ತನ್ನ ಕೆರೆಯ, ತನ್ನ ಉಪನಾಲೆಯ ಅಂಕಿಗಳನ್ನು ಹೊತ್ತುಕೊಂಡು ಐದು ದಿನದ ತರಬೇತಿಗೆ ಹೋದವನು ಕಲಿತದ್ದು ಉಳಿಯುತ್ತದೆ; ಸಂಘಟಕರು ಕೊಟ್ಟ ಯಾವುದೋ ದೂರದ ಕಣಿವೆಯ ಅಂಕಿಗಳ ಮೇಲೆ ಗುಂಡಿ ಒತ್ತಿ ಬಂದವನದು ಊರಿಗೆ ಮರಳುವ ಬಸ್ಸು ರಾಣೆಬೆನ್ನೂರು ದಾಟುವಷ್ಟರಲ್ಲಿ ಮರೆತುಹೋಗಿರುತ್ತದೆ.

ಸಮ್ಮೇಳನಗಳ ಬಗ್ಗೆ ನನಗೆ ಅಷ್ಟು ಉದಾರ ಭಾವನೆಯಿಲ್ಲ. ಭಾರತೀಯ ಹೈಡ್ರಾಲಿಕ್ಸ್ ಸೊಸೈಟಿ ಪ್ರತಿ ವರ್ಷ ನಡೆಸುವ ಹೈಡ್ರೊ ಸಮ್ಮೇಳನದಂಥ ಕಡೆ ಹೋದರೆ ದೇಶದ ಬೇರೆ ಬೇರೆ ಕಡೆ ಇದೇ ಕೆಲಸ ಮಾಡುತ್ತಿರುವವರ ಪರಿಚಯವಾಗುತ್ತದೆ, ತನ್ನ ವಿಧಾನದ ದೋಷವನ್ನು ಚಹಾದ ಸಾಲಿನಲ್ಲೇ ಯಾರೋ ತೋರಿಸಿಕೊಡುತ್ತಾರೆ. ಅದಕ್ಕೆ ಸಾಲ ಮಾಡಿದರೂ ತಪ್ಪಿಲ್ಲ. ಆದರೆ ನೀರು, ಔಷಧ, ನಿರ್ವಹಣಾಶಾಸ್ತ್ರ ಎಲ್ಲವನ್ನೂ ಒಂದೇ ಚಪ್ಪರದಡಿ ತಂದು, ಹಣ ಕಟ್ಟಿದವರೆಲ್ಲರ ಪ್ರಬಂಧವನ್ನೂ ಒಪ್ಪಿಕೊಂಡು, ಮೊಬೈಲಿಗೆ ಪ್ರಮಾಣಪತ್ರ ಕಳುಹಿಸುವ ‘ಅಂತರರಾಷ್ಟ್ರೀಯ’ ಸಮ್ಮೇಳನಗಳು ಈಗ ಹೆಜ್ಜೆಗೊಂದು ಸಿಗುತ್ತವೆ. ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬುದೇ ಅವುಗಳನ್ನು ಗುರುತಿಸುವ ಸರಿಯಾದ ಲಕ್ಷಣ. ಅದಕ್ಕೆ ಕೊಡುವ ಶುಲ್ಕದಲ್ಲಿ ಒಂದು ಒಳ್ಳೆಯ ಪಿಎಚ್ ಮೀಟರ್ ಬರುತ್ತದೆ.

ಪ್ರಶ್ನೆ ಕೇಳುವ ಅಭ್ಯಾಸ ಬೆಳೆಯಬೇಕಾದರೆ ಬೇರೆ ಬೇರೆ ವಿಷಯದವರು ಒಂದೆಡೆ ಕೂರಬೇಕು. 1964ರಲ್ಲಿ ಹುಟ್ಟಿದ ಅಮೆರಿಕದ ಜಲಸಂಪನ್ಮೂಲ ಸಂಘಕ್ಕೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಘಟಕಗಳಿದ್ದು, ಎಂಜಿನಿಯರಿಂಗ್ ಓದುವವರ ಜೊತೆ ಭೂವಿಜ್ಞಾನ, ಅರ್ಥಶಾಸ್ತ್ರ, ಕಾನೂನು ಓದುವವರೂ ಸೇರುತ್ತಿದ್ದರು. ಅಷ್ಟು ದೊಡ್ಡ ಸಂಘಟನೆ ನಮಗೆ ಬೇಕಿಲ್ಲ. ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ, ಕಾನೂನು ಕಾಲೇಜಿದೆ, ವಿಶ್ವವಿದ್ಯಾಲಯವಿದೆ, ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನೆ ನಡೆಯುತ್ತದೆ, ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೇ ಇದೆ. ಇಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಯಾವುದೋ ಒಂದು ಕೊಠಡಿಯಲ್ಲಿ, ಮಂಡಕ್ಕಿ-ಮಿರ್ಚಿಯ ಖರ್ಚಿನಲ್ಲಿ ಸೇರಿ ಒಬ್ಬರ ಕೆಲಸವನ್ನು ಒಬ್ಬರು ಪ್ರಶ್ನಿಸುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಭದ್ರಾ ಅಚ್ಚುಕಟ್ಟಿನ ನೀರಿನ ಹಂಚಿಕೆಯನ್ನು ಅತ್ಯುತ್ತಮಗೊಳಿಸುವ ಮಾದರಿಯನ್ನು ಬಹಳ ಅಚ್ಚುಕಟ್ಟಾಗಿ ಮಂಡಿಸಿದಾಗ, ಕಾನೂನು ಓದುತ್ತಿದ್ದ ಅವನ ಗೆಳೆಯ, 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಆ ತೂಬನ್ನು ಮುಚ್ಚುವ ಅಧಿಕಾರ ಯಾರಿಗಿದೆ ಎಂದು ಕೇಳಿದ. ಅದಕ್ಕೆ ಉತ್ತರ ಹುಡುಕಿದ್ದರಿಂದ ಪ್ರಬಂಧಕ್ಕೆ ಒಂದು ಅಧ್ಯಾಯ ಹೆಚ್ಚಾಯಿತು. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ ಅಧ್ಯಾಯವೇ.

ಹಳೆಯ ಕಟ್ಟಡಗಳನ್ನು ನೋಡಲು ಹೋಗುವುದನ್ನು ಪ್ರವಾಸವೆಂದು ತಳ್ಳಿಹಾಕುವ ಸಹೋದ್ಯೋಗಿಗಳಿದ್ದಾರೆ. ಚಿತ್ರದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿದುಬರುವ ಜಾಡನ್ನು ಮಳೆಗಾಲದ ಒಂದು ದಿನ ನಡೆದು ನೋಡಿದರೆ, ಮಟ್ಟ ಸಮೀಕ್ಷೆಯ ಪಾಠವೊಂದು ಮುಗಿದಂತೆಯೇ ಸರಿ. ಇನ್ನು ಮಾರಿಕಣಿವೆಯ ವಾಣಿವಿಲಾಸ ಸಾಗರವಂತೂ ಸಂಖ್ಯಾಶಾಸ್ತ್ರದ ತರಗತಿ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಪೂರ್ಣಗೊಂಡ, 30 ಟಿಎಂಸಿ ಹಿಡಿಯಬಲ್ಲ ಈ ಜಲಾಶಯ 1933ರಲ್ಲಿ ಮೊದಲ ಬಾರಿ ಕೋಡಿ ಬಿದ್ದಿತು. ಎರಡನೆಯ ಬಾರಿ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು, ಅಂದರೆ 89 ವರ್ಷ. ಮೂರನೆಯದು 2025ರ ಜನವರಿಯಲ್ಲೇ ಆಗಿಹೋಯಿತು. ಇದನ್ನು ಕಂಡೊಡನೆ ಹವಾಮಾನ ಬದಲಾವಣೆ ಎಂದು ಬರೆದುಬಿಡುವ ವಿದ್ಯಾರ್ಥಿಯನ್ನು ತಡೆದು ಕೇಳಬೇಕಾದದ್ದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಎತ್ತಿ ಹಾಯಿಸಿದ ಭದ್ರಾ ನೀರೂ ಈಚಿನ ವರ್ಷಗಳಲ್ಲಿ ಈ ಜಲಾಶಯಕ್ಕೆ ಬಂದಿದೆ. ಹಾಗಿರುವಾಗ 1933ರ ಒಳಹರಿವನ್ನೂ ಈಗಿನ ಒಳಹರಿವನ್ನೂ ಒಂದೇ ಸರಣಿಯಲ್ಲಿಟ್ಟು ಪುನರಾವರ್ತನೆಯ ಅವಧಿ, ಅಂದರೆ ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಹೀಗಾಗುತ್ತದೆ ಎಂದು, ಲೆಕ್ಕ ಹಾಕುವುದು ಹೇಗೆ? ಮಳೆಯ ಪಾಲೆಷ್ಟು, ಪಂಪಿನ ಪಾಲೆಷ್ಟು ಎಂದು ಮೊದಲು ಬೇರ್ಪಡಿಸಬೇಕು. ಜಲಾಶಯ ತುಂಬಿದ ಸಂಭ್ರಮದಲ್ಲಿ ಬಾಗಿನ ಅರ್ಪಿಸುವವರು ಈ ಪ್ರಶ್ನೆ ಕೇಳಬೇಕಾಗಿಲ್ಲ, ನೀರಿನ ವಿದ್ಯಾರ್ಥಿ ಕೇಳಲೇಬೇಕು.

ಪಠ್ಯಕ್ರಮದ ಇನ್ನೊಂದು ಕೊರತೆಯನ್ನು ನಮ್ಮ ತುಂಗಭದ್ರೆಯೇ ತೋರಿಸಿಕೊಟ್ಟಳು. ಹರಿಹರವನ್ನು ದಾಟಿ ಹೋಗುವ ಆ ನೀರು ನಿಲ್ಲುವ ಹೊಸಪೇಟೆಯ ಅಣೆಕಟ್ಟಿನಲ್ಲಿ 2024ರ ಆಗಸ್ಟ್ 10ರ ರಾತ್ರಿ ಹೆಚ್ಚುವರಿ ನೀರು ಹೊರಬಿಡುವ 19ನೆಯ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮುಂದಿನ ಒಂದು ವಾರ ರಾಜ್ಯವೆಲ್ಲ ಕಣ್ಣಿಟ್ಟು ನೋಡಿದ್ದು ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿದ ಕೆಲಸವನ್ನು. ನಮ್ಮ ಎಂ.ಟೆಕ್ ವಿದ್ಯಾರ್ಥಿಗಳು ಅಣೆಕಟ್ಟಿನ ಸ್ಥಿರತೆಯನ್ನು ಲೆಕ್ಕ ಮಾಡಬಲ್ಲರು, ಪ್ರವಾಹದ ಗರಿಷ್ಠ ಹರಿವನ್ನು ಅಂದಾಜಿಸಬಲ್ಲರು. ಗೇಟಿನ ಚೈನು, ಸೀಲು, ರೋಲರ್, ಅದನ್ನು ಎತ್ತುವ ಹಾಯಿಸ್ಟ್ ಎಂಬ ಮಾತುಗಳು ಅವರ ಕಿವಿಗೆ ಬಿದ್ದಿರುವುದೇ ಕಡಿಮೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ ತಪಾಸಣೆ, ಕಾರ್ಯಾಚರಣೆ ಕೈಪಿಡಿ, ತುರ್ತು ಯೋಜನೆಗಳ ಕೆಲಸ ಹೆಚ್ಚುತ್ತಲೇ ಹೋಗುತ್ತದೆ. ಅಣೆಕಟ್ಟಿಗೆ ಹೋದಾಗ ಉದ್ಯಾನದ ಮುಂದೆ ಫೋಟೊ ತೆಗೆಸಿಕೊಂಡು ಬರುವ ಬದಲು, ಅನುಮತಿ ಪಡೆದು, ಗೇಟು ಎತ್ತುವ ಕೆಲಸಗಾರನ ಜೊತೆ ಒಂದು ಪಾಳಿ ನಿಂತು ಬರುವಂತಾಗಬೇಕು.

ಇಂಥ ಕೆಲಸಗಳಲ್ಲಿ ಹುಡುಗಿಯರ ಪಾಡು ಬೇರೆಯೇ ಆಗಿರುತ್ತದೆ. ನಾಲೆಯ ಸರದಿ ಬಹುಪಾಲು ರಾತ್ರಿ, ಕ್ಷೇತ್ರದಲ್ಲಿ ಶೌಚಾಲಯವಿಲ್ಲ, ಹಳ್ಳಿಯ ಕಡೆಗೆ ಕೊನೆಯ ಬಸ್ಸು ಸಂಜೆಗೇ ಹೊರಟುಹೋಗುತ್ತದೆ, ಮನೆಯವರು ಒಪ್ಪುವುದಿಲ್ಲ. ಹೀಗಾಗಿ ಅವರಿಗೆ ಕಂಪ್ಯೂಟರ್ ಮಾದರಿಯ ವಿಷಯ, ಹುಡುಗರಿಗೆ ಕ್ಷೇತ್ರದ ವಿಷಯ ಎಂದು ಹಂಚಿಬಿಡುವುದು ಮಾರ್ಗದರ್ಶಕರಿಗೆ ಸುಲಭ. ಸುಲಭವೆಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆಯಿಲ್ಲ. ಇಬ್ಬಿಬ್ಬರಾಗಿ ಕಳಿಸುವುದು, ಊರಿನ ಶಾಲೆಯ ಶಿಕ್ಷಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಮೊದಲೇ ಪರಿಚಯ ಮಾಡಿಸುವುದು, ವಾಹನದ ಖರ್ಚನ್ನು ಯೋಜನೆಯ ಹಣದಲ್ಲೇ ಬರೆದಿಡುವುದು, ಇವು ಮಾರ್ಗದರ್ಶಕನ ಕೆಲಸದಲ್ಲೇ ಸೇರಿದವು. ಮನೆಮನೆಗೆ ಹೋಗಿ ನೀರಿನ ಬಳಕೆ ಕೇಳುವ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಸಿಗುವಷ್ಟು ನೇರ ಉತ್ತರ ನಮಗೆ ಸಿಗುವುದೂ ಇಲ್ಲ.

ಉದ್ಯೋಗದ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದರ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಲೋಕಸೇವಾ ಆಯೋಗದ ಮೂಲಕ ಜಲಸಂಪನ್ಮೂಲ ಇಲಾಖೆ, ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವೆಯ ಮೂಲಕ ಕೇಂದ್ರ ಜಲ ಆಯೋಗ, ಭೂವಿಜ್ಞಾನ ಓದಿದವರಿಗೆ ಕೇಂದ್ರ ಅಂತರ್ಜಲ ಮಂಡಳಿ, ಇವು ಎಲ್ಲರಿಗೂ ಗೊತ್ತಿರುವ ದಾರಿಗಳು. ಸಲಹಾ ಸಂಸ್ಥೆಗಳಲ್ಲಿಯೂ ಸ್ವಯಂಸೇವಾ ಸಂಸ್ಥೆಗಳಲ್ಲಿಯೂ ಕೆಲಸವಿದೆ. ಅಲ್ಲಿ ಆಯ್ಕೆ ಮಾಡುವವರು ಅಂಕಪಟ್ಟಿಯನ್ನು ಮಗುಚಿ ಇಟ್ಟು, ನೀವೇ ಬರೆದ ವರದಿಯೊಂದನ್ನು ತೋರಿಸಿ ಎನ್ನುವುದು ಹೆಚ್ಚುತ್ತಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ತೋರಿಸಲು ಅವರ ಬಳಿ ಏನಿರಬೇಕು ಎಂಬುದನ್ನು ಮೇಲೆ ಹೇಳಿದ್ದೇನೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನನ್ನ ಮಾರ್ಗದರ್ಶನದಲ್ಲಿರುವವರಿಗೆ ಈಗ ಒಂದು ಕ್ರಮ ಇಟ್ಟಿದ್ದೇನೆ. ಮೌಖಿಕ ಪರೀಕ್ಷೆಗೆ ಮುನ್ನ ವಿದ್ಯಾರ್ಥಿ ತನ್ನ ಅಧ್ಯಯನ ನಡೆದ ಊರಿಗೆ ಮತ್ತೊಮ್ಮೆ ಹೋಗಿ, ಎರಡು ಪುಟದ ಕನ್ನಡ ಸಾರಾಂಶವನ್ನು ಹಂಚಿ, ಫಲಿತಾಂಶವನ್ನು ಬಾಯಿಮಾತಿನಲ್ಲಿ ಹೇಳಿ, ಅಲ್ಲಿ ಕೇಳಿಬಂದ ಆಕ್ಷೇಪಗಳನ್ನು ಬರೆದುಕೊಂಡು ಬರಬೇಕು. ಇದರಿಂದ ಪ್ರಬಂಧ ಸಲ್ಲಿಕೆ ತಡವಾಗುತ್ತದೆ, ಊರಿನವರು ಇದನ್ನು ಸರ್ಕಾರದ ಕಾರ್ಯಕ್ರಮವೆಂದು ತಿಳಿದು ಪೈಪ್‌ಲೈನಿಗೆ ಅರ್ಜಿ ಕೊಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಎರಡೂ ನಿಜವಾಯಿತು. ಅರ್ಜಿಗಳನ್ನು ತಾಲ್ಲೂಕು ಪಂಚಾಯಿತಿಗೆ ತಲುಪಿಸಿ, ಸ್ವೀಕೃತಿ ಪತ್ರದ ಪ್ರತಿಯನ್ನು ಕೊಟ್ಟವರಿಗೆ ಹಿಂತಿರುಗಿಸುವುದನ್ನೂ ವಿದ್ಯಾರ್ಥಿಗಳೇ ಕಲಿತರು. ಊರಿನಲ್ಲಿ ಕೇಳಿಬಂದ ಆಕ್ಷೇಪಗಳನ್ನು ದಾಖಲಿಸಲು ಪ್ರಬಂಧದ ನಿಗದಿತ ನಮೂನೆಯಲ್ಲಿ ಜಾಗವಿಲ್ಲದ ಕಾರಣ, ಸದ್ಯಕ್ಕೆ ಅವನ್ನು ಕೊನೆಯಲ್ಲಿ ಅನುಬಂಧವಾಗಿ ಹೊಲಿಸುತ್ತಿದ್ದೇವೆ. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಈ ಸಲ ಪುಟ ತಿರುವಿ ನೇರವಾಗಿ ಅಲ್ಲಿಗೇ ಹೋಗಿ, ಮೂರನೆಯ ಆಕ್ಷೇಪಕ್ಕೆ ನಿನ್ನ ಉತ್ತರವೇನು ಎಂದು ಕೇಳಿದರು.